ಹ್ಯಾಂಡಲ್ ಬಿಗಿ, ಫೋರ್ಕ್ ಸಲೀಸು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಉದ್ಯೋಗದ ಬಗ್ಗೆ ಹತ್ತು ನಿಮಿಷ ಮಾತಾಡಪ್ಪಾ ಎಂದು ನನ್ನನ್ನು ಕರೆದರು. ಆ ವಿಷಯವನ್ನು ಬೆಳಿಗ್ಗೆಯಿಂದ ಮೂರು ಜನ ಹೇಳಿ ಆಗಿದೆ. ನಾನು ಸೈಕಲ್ಲಿನ ಹ್ಯಾಂಡಲ್ ಬಗ್ಗೆ ಹೇಳುತ್ತೇನೆ. ನಗಬೇಡಿ, ಕಾರಣವಿದೆ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಬಸ್ಸಿಲ್ಲದ ಊರುಗಳ ಎಷ್ಟೋ ಹೆಣ್ಣುಮಕ್ಕಳು ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ್ದು ಅಂಥ ಸೈಕಲ್ಲುಗಳ ಮೇಲೆ. ಅಕ್ಕನದು ತಂಗಿಗೆ, ತಂಗಿಯದು ತಮ್ಮನಿಗೆ ಎಂದು ಅವು ಕೈ ಬದಲಾಯಿಸುತ್ತಲೇ ಇರುತ್ತವೆ. ಟ್ಯೂಬು, ಚೈನು, ಬ್ರೇಕು ಕೆಟ್ಟರೆ ತಕ್ಷಣ ಗೊತ್ತಾಗುತ್ತದೆ, ಶಾಪಿಗೆ ಹೋಗುತ್ತೇವೆ. ಹ್ಯಾಂಡಲ್ ಹಾಗಲ್ಲ, ಅದನ್ನು ಯಾರೂ ನೋಡುವುದಿಲ್ಲ.

ನಿನ್ನೆ ಸಂಜೆ ಶಾಲೆಯ ಶೆಡ್ಡಿನಲ್ಲಿ ನಿಂತಿದ್ದ ಒಂದು ಸೈಕಲ್ಲಿನ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿದೆ. ಚಕ್ರ ನಿಂತಲ್ಲೇ ಇತ್ತು, ಹ್ಯಾಂಡಲ್ ಮಾತ್ರ ತಿರುಗಿತು. ಅದರ ಒಡತಿ ಒಂಬತ್ತನೇ ತರಗತಿಯವಳು. ದಿನವೂ ಕೆರೆ ಏರಿಯ ಇಳಿಜಾರು ಇಳಿದು ಮುಖ್ಯರಸ್ತೆ ದಾಟುತ್ತಾಳೆ. ಎದುರಿಗೆ ಲಾರಿ ಬಂದಾಗ ಅವಳು ಹ್ಯಾಂಡಲ್ಲನ್ನು ಎಡಕ್ಕೆ ಎಳೆದು, ಚಕ್ರ ಮಾತ್ರ ನೇರ ಹೋದರೆ? ನಿನ್ನೆಯೇ ಬಿಗಿ ಮಾಡಿದ್ದೇನೆ, ಅವರ ತಂದೆ ಇಲ್ಲಿದ್ದರೆ ಗಾಬರಿಯಾಗಬೇಡಿ.

ಹ್ಯಾಂಡಲ್ಲಿನ ಬುಡದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ನಾವು ಎರಡನ್ನೂ ಒಂದೇ ಎಂದುಕೊಳ್ಳುತ್ತೇವೆ, ತೊಂದರೆ ಇರುವುದೇ ಅಲ್ಲಿ. ಮೊದಲನೆಯದು, ಹ್ಯಾಂಡಲ್ಲನ್ನು ಫೋರ್ಕಿಗೆ ಕಚ್ಚಿಸುವುದು. ಹ್ಯಾಂಡಲ್ಲಿನ ಕಾಂಡ, ಅಂದರೆ ಸ್ಟೆಮ್, ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತದೆ. ನೆತ್ತಿಯ ಮೇಲಿನ ಉದ್ದ ಬೋಲ್ಟನ್ನು ತಿರುಗಿಸಿದರೆ ಕೆಳಗಿನ ಬೆಣೆ ಮೇಲೆದ್ದು ಕೊಳವೆಯ ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಎರಡನೆಯದು ಹೆಡ್‌ಸೆಟ್ಟಿನ ಕೆಲಸ. ಫ್ರೇಮಿನ ಮುಂದಿನ ಕೊಳವೆಯ ಮೇಲೆ, ಕೆಳಗೆ ಇರುವ ಕಪ್ಪುಗಳಲ್ಲಿ ಗುಂಡುಗಳು ಕೂತಿವೆ. ಫೋರ್ಕ್ ಅಲುಗಾಡದೆ, ಆದರೆ ಸಲೀಸಾಗಿ ತಿರುಗುವಂತೆ ಅವು ನೋಡಿಕೊಳ್ಳುತ್ತವೆ. ಇದನ್ನು ಹಿಡಿದಿಡುವುದು ಮೇಲಿನ ಕಪ್ಪು ಮತ್ತು ಅದರ ಮೇಲಿನ ದೊಡ್ಡ ನಟ್ಟು.

ಆದ್ದರಿಂದ ಹ್ಯಾಂಡಲ್ ಹತ್ತಿರ ಟಕ್ ಟಕ್ ಎಂದರೆ ನೆತ್ತಿಯ ಬೋಲ್ಟ್ ಬಿಗಿ ಮಾಡಿ ಪ್ರಯೋಜನವಿಲ್ಲ. ಜಾಸ್ತಿ ಬಿಗಿದರೆ ಫೋರ್ಕಿನ ಕೊಳವೆಯೇ ಉಬ್ಬಬಹುದು. ಮುಂದಿನ ಬ್ರೇಕ್ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಕಪ್ಪು ಮತ್ತು ಫೋರ್ಕ್ ಸೇರುವ ಸಂದಿಯ ಮೇಲಿಟ್ಟು, ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಅಲುಗಾಟ ಬೆರಳಿಗೆ ಸಿಕ್ಕರೆ ಹೆಡ್‌ಸೆಟ್ ಸಡಿಲ. ಸಿಗದಿದ್ದರೆ ಶಬ್ದ ಬ್ರೇಕಿನದೋ ಚಕ್ರದ ಹಬ್ಬಿನದೋ ಇರಬಹುದು. ಸಡಿಲವಿದ್ದರೆ ದೊಡ್ಡ ನಟ್ಟನ್ನು ಬಿಚ್ಚಿ, ಮೇಲಿನ ಕಪ್ಪನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಅಲುಗಾಟ ಹೋದ ಕಡೆ ನಿಲ್ಲಿಸಿ, ತೆಳು ಸ್ಪ್ಯಾನರಿನಿಂದ ಕಪ್ಪನ್ನು ಹಿಡಿದುಕೊಂಡು ನಟ್ಟನ್ನು ಬಿಗಿಯಿರಿ. ನಟ್ಟು ಬಿಗಿಯುವಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಮತ್ತೊಮ್ಮೆ ನೋಡಲೇಬೇಕು. ಮುಂದಿನ ಚಕ್ರವನ್ನು ಎತ್ತಿದಾಗ ಹ್ಯಾಂಡಲ್ ತಾನಾಗಿ ಒಂದು ಪಕ್ಕಕ್ಕೆ ವಾಲಬೇಕು. ನೇರ ಇರುವಾಗ ಗುಳಿಯಲ್ಲಿ ಬಿದ್ದಂತೆ ಅಲ್ಲೇ ನಿಂತರೆ ಕಪ್ಪು ಸವೆದಿದೆ. ಕಪ್ಪು, ಗುಂಡು ಬದಲಿಸಿ ಹೊಸ ಗ್ರೀಸ್ ಹಾಕಿಸಬೇಕು. ಎಷ್ಟು ಬಿಗಿದರೂ ಅದು ಸರಿಹೋಗದು.

ಇನ್ನೊಂದು ಮಾತು ಅಣ್ಣಂದಿರಿಗೆ. ಎಂಟರಿಂದ ಹತ್ತಕ್ಕೆ ಬರುವಷ್ಟರಲ್ಲಿ ಮಕ್ಕಳು ಒಂದು ಗೇಣು ಬೆಳೆಯುತ್ತಾರೆ, ನೀವು ಹ್ಯಾಂಡಲ್ ಎತ್ತಿ ಕೊಡುತ್ತೀರಿ. ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ಮರದ ತುಂಡು ಇಟ್ಟು ಮೇಲಿಂದ ಕುಟ್ಟಿದರೆ ಬೆಣೆ ಬಿಡುತ್ತದೆ. ಆದರೆ ಕಾಂಡದ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣಬಾರದು. ಗೆರೆ ಇಲ್ಲದಿದ್ದರೆ ಕನಿಷ್ಠ ಎರಡೂವರೆ ಅಂಗುಲ ಒಳಗಿರಲಿ. ಅದಕ್ಕಿಂತ ಎತ್ತಿದ ಹ್ಯಾಂಡಲ್ ಗುಂಡಿಗೆ ಬಿದ್ದಾಗ ಕಿತ್ತು ಕೈಗೆ ಬರಬಹುದು.

ಪಟ್ಟಣದಿಂದ ಗೇರ್ ಸೈಕಲ್ ತಂದಿರುವ ಹುಡುಗರೇ, ನಿಮ್ಮಲ್ಲಿ ಹಲವರದರಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಸ್ಟೆಮ್ ಫೋರ್ಕಿನ ಕೊಳವೆಯನ್ನು ಹೊರಗಿನಿಂದ ತಬ್ಬಿರುತ್ತದೆ. ನೆತ್ತಿಯ ಅಲೆನ್ ಬೋಲ್ಟ್ ಗುಂಡುಗಳ ಒತ್ತಡ ಹೊಂದಿಸಲು ಮಾತ್ರ. ಹಿಡಿದಿಡುವುದು ಪಕ್ಕದ ಬೋಲ್ಟುಗಳು. ಪಕ್ಕದವನ್ನು ಸಡಿಲಿಸಿ, ನೆತ್ತಿಯದರಿಂದ ಅಲುಗಾಟ ತೆಗೆದು, ಹ್ಯಾಂಡಲ್ ಚಕ್ರಕ್ಕೆ ನೇರ ಮಾಡಿ, ಆಮೇಲೆ ಪಕ್ಕದವನ್ನು ಒಂದಾದ ಮೇಲೊಂದು ಬಿಗಿಯಿರಿ. ಈ ಕ್ರಮ ತಪ್ಪಿದರೆ ನೆತ್ತಿಯ ಬೋಲ್ಟನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ನಮ್ಮ ಪ್ರೋಗ್ರಾಮಿನಲ್ಲಾದರೆ ಸಾಲು ಹಿಂದುಮುಂದಾದಾಗ ಪರದೆ ಮೇಲೆ ಕೆಂಪಕ್ಷರ ಬರುತ್ತದೆ. ಸೈಕಲ್ಲಿಗೆ ಆ ಸೌಕರ್ಯವಿಲ್ಲ.

ನಮ್ಮ ಬ್ಯಾಚಿನ ಪರವಾಗಿ ಒಂದು ಪೆಟ್ಟಿಗೆಯನ್ನು ದೈಹಿಕ ಶಿಕ್ಷಕರಿಗೆ ಒಪ್ಪಿಸಿದ್ದೇವೆ. ಅದರಲ್ಲಿ ಎರಡು ತೆಳು ಸ್ಪ್ಯಾನರ್, ಅಲೆನ್ ಕೀ ಸೆಟ್, ಒಂದು ಡಬ್ಬಿ ಗ್ರೀಸ್, ಬೇರೆ ಬೇರೆ ಅಳತೆಯ ಗುಂಡುಗಳಿವೆ. ತಿಂಗಳಿಗೊಂದು ಶನಿವಾರ, ತರಗತಿ ಮುಗಿದ ಮೇಲೆ ಶೆಡ್ಡಿನ ಎಲ್ಲ ಸೈಕಲ್ಲುಗಳನ್ನೂ ನೋಡುವುದು ಒಂಬತ್ತನೇ ತರಗತಿಯವರ ಕೆಲಸವಾಗಲಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಹುಡುಗಿಯರೂ ಸ್ಪ್ಯಾನರ್ ಹಿಡಿಯಬೇಕು, ಇದು ನನ್ನ ಷರತ್ತು. ಮೊದಲ ಶನಿವಾರ ನಾನೇ ಬರುತ್ತೇನೆ. ಊರಿನ ಸೈಕಲ್ ಶಾಪಿನ ಅಣ್ಣನೂ ಬರುತ್ತೇನೆಂದಿದ್ದಾರೆ. ಮನೆಯಲ್ಲಿ ಹಳೆಯ ಸೈಕಲ್ ಇರುವವರು ಅದನ್ನೂ ತಳ್ಳಿಕೊಂಡು ಬನ್ನಿ.