ಬೆಂಕಿಕಡ್ಡಿಯಲ್ಲೊಂದು ಪಾಠ



ರಜೆ ಬಂತೆಂದರೆ ಮಕ್ಕಳನ್ನು ಸುಧಾರಿಸುವುದು ಹೇಗೆಂಬುದೇ ಮನೆಮನೆಯ ಚಿಂತೆ. ದುಡ್ಡಿದ್ದವರಿಗೆ ಶಿಬಿರಗಳಿವೆ, ಇಲ್ಲದವರ ಮಕ್ಕಳಿಗೆ? ಉತ್ತರ ಸೈಕಲ್ ಅಂಗಡಿಯಲ್ಲಿದೆ.

ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಎಂಜಿನಿಯರ್ ಅರವಿಂದ ಗುಪ್ತಾ 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ (ಇಂದಿನ ನರ್ಮದಾಪುರಂ) ಜಿಲ್ಲೆಯ ಹಳ್ಳಿಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಅವರು ಬಳಕೆಗೆ ತಂದದ್ದು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು. ಕಡ್ಡಿಗಳ ಮದ್ದನ್ನು ದೊಡ್ಡವರು ಮೊದಲೇ ಕೆರೆದು ತೆಗೆಯಬೇಕು. ಟ್ಯೂಬನ್ನು ಸಣ್ಣ ತುಂಡು ಮಾಡಿ, ಎರಡೂ ಬಾಯಿಗೆ ಒಂದೊಂದು ಕಡ್ಡಿ ತೂರಿಸಿದರೆ ಬಾಗುವ ಕೀಲು ಸಿದ್ಧ.

ನಾಲ್ಕು ಕಡ್ಡಿಯ ಚೌಕ ಮಾಡಿ ಒತ್ತಿ ನೋಡಿ, ವಾಲಿಬಿಡುತ್ತದೆ. ಮೂರು ಕಡ್ಡಿಯ ತ್ರಿಕೋನ ಜಗ್ಗುವುದಿಲ್ಲ. ಮೂರು ಬಾಹುಗಳ ಉದ್ದ ನಿಶ್ಚಿತವಾದರೆ ಕೋನಗಳೂ ನಿಶ್ಚಿತ. ರೈಲು ಸೇತುವೆಯ ಉಕ್ಕಿನ ತೊಲೆಗಳನ್ನು ತ್ರಿಕೋನಗಳಾಗಿ ಜೋಡಿಸುವುದು ಇದಕ್ಕೇ.

ಕೊಂಡ ಆಟಿಕೆ ಮುರಿದರೆ ಮಗುವಿಗೆ ಬೈಗುಳ. ತಾನೇ ಕಟ್ಟಿದ್ದು ಮುರಿದರೆ ಮತ್ತೆ ಕಟ್ಟುವ ಕೆಲಸ. ಕಲಿಕೆ ಇರುವುದು ಆ ‘ಮತ್ತೆ’ಯಲ್ಲಿ. ಆದ್ದರಿಂದ ಮಕ್ಕಳ ಕೈಗೆ ಕಡ್ಡಿ ಕೊಡಿ, ಪಕ್ಕದಲ್ಲಿ ಕೂತು ನೋಡಿ. ಚೌಕ ಏಕೆ ವಾಲಿತೆಂದು ಅವರೇ ಕೇಳುವವರೆಗೆ ಉತ್ತರ ಹೇಳಿಬಿಡಬೇಡಿ.