ಸೆಲ್ಫ್ ಕಚ್ಚದಿದ್ದಾಗ

ನಮ್ಮ ಕಡೆ ಕಾರಿನ ಸ್ಟಾರ್ಟರನ್ನು ಸ್ಟಾರ್ಟರ್ ಎನ್ನುವವರು ಕಡಮೆ. ‘ಸೆಲ್ಫ್’ ಎನ್ನುವುದೇ ರೂಢಿ. ಮಧುಗಿರಿಯ ಪೇಟೆಯಲ್ಲಿ ನಿಂತರೂ ಸರಿ, ಶಿರಾದ ಹೆದ್ದಾರಿಯ ಪಕ್ಕದ ಗ್ಯಾರೇಜಿಗೆ ಹೋದರೂ ಸರಿ, ‘ಸೆಲ್ಫ್ ಹೊಡಿ’, ‘ಸೆಲ್ಫ್ ತಗೊಳ್ತಾ ಇಲ್ಲ’ ಎಂಬ ಮಾತೇ ಕಿವಿಗೆ ಬೀಳುತ್ತದೆ. ಹೆಸರಿಗೆ ಕಾರಣವುಂಟು. ಮೊದಲು ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ, ತೋಳಿನ ಬಲದಿಂದ ತಿರುಗಿಸಿ ಎಂಜಿನನ್ನು ಎಬ್ಬಿಸಬೇಕಾಗಿತ್ತು. ಎಂಜಿನು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದೂ ಇತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಮೇಲೆ, ಕಾರು ತನ್ನನ್ನು ತಾನೇ ಎಬ್ಬಿಸಿಕೊಳ್ಳುವಂತಾಯಿತು. ಹೀಗೆ ಅದು ‘ಸೆಲ್ಫ್’.

ಆದರೂ ಹ್ಯಾಂಡಲು ಬಹುಕಾಲ ಜೊತೆಗಿತ್ತು. ಹಳೆಯ ಅಂಬಾಸಿಡರಿನ ಡಿಕ್ಕಿಯಲ್ಲಿ ಅದು ಬಿದ್ದಿರುತ್ತಿತ್ತು. ಸೆಲ್ಫ್ ಕೈಕೊಟ್ಟರೂ ಗಟ್ಟಿ ಆಳೊಬ್ಬ ಇದ್ದರೆ ಸಾಕು, ಊರು ಸೇರಬಹುದಾಗಿತ್ತು. ಈಗಿನ ಕಾರುಗಳಿಗೆ ಹ್ಯಾಂಡಲ್ ತೂರಿಸುವ ತೂತೇ ಇಲ್ಲ. ಪಾವಗಡದಿಂದ ನಡುರಾತ್ರಿಯಲ್ಲಿ ರೋಗಿಯೊಬ್ಬರನ್ನು ಮಧುಗಿರಿ, ಕೊರಟಗೆರೆಗಳ ಮೇಲೆ ತುಮಕೂರಿಗೆ ಕರೆದೊಯ್ಯುತ್ತಿದ್ದೀರಿ ಎನ್ನಿ. ದಾರಿಯಲ್ಲಿ ಐದು ನಿಮಿಷ ಎಂಜಿನು ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರೆ ಕಾರು ಏಳದು. ಆಗ ಬಾನೆಟ್ಟು ಎತ್ತಿ ಮಿಕಮಿಕ ನೋಡುವುದರಿಂದ ಏನೂ ತಿಳಿಯದು. ಕಣ್ಣಿಗಿಂತ ಕಿವಿ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೇಗೆಂಬುದನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಕೀಲಿ ತಿರುಗಿಸಿದ ಆ ಒಂದು ಸೆಕೆಂಡಿನೊಳಗೆ ಎರಡು ಕೆಲಸಗಳು ಒಂದರ ಬೆನ್ನಿಗೊಂದು ನಡೆಯುತ್ತವೆ. ಸ್ಟಾರ್ಟರ್ ಮೋಟಾರಿನ ಬೆನ್ನ ಮೇಲೆ ಸೊಲೆನಾಯ್ಡ್ ಎಂಬ ಸಣ್ಣ ಉರುಳೆಯೊಂದು ಕುಳಿತಿರುತ್ತದೆ. ಅದು ತಂತಿ ಸುತ್ತಿದ ವಿದ್ಯುದಯಸ್ಕಾಂತ. ಕೀಲಿಯ ಕಡೆಯಿಂದ ಬರುವ ಅಲ್ಪ ವಿದ್ಯುತ್ತಿಗೇ ಅದು ತನ್ನೊಳಗಿನ ಕಬ್ಬಿಣದ ಕಡ್ಡಿಯನ್ನು ಸೆಳೆಯುತ್ತದೆ. ಕಡ್ಡಿಯ ತುದಿಯಲ್ಲಿರುವ ಸನ್ನೆಗೋಲು, ಒಂಬತ್ತೋ ಹತ್ತೋ ಹಲ್ಲಿನ ಪಿನಿಯನ್ ಎಂಬ ಪುಟ್ಟ ಚಕ್ರವನ್ನು ಮುಂದಕ್ಕೆ ದೂಡಿ, ಎಂಜಿನಿನ ಫ್ಲೈವೀಲಿನ ಅಂಚಿನಲ್ಲಿರುವ ನೂರಕ್ಕೂ ಮೀರಿದ ಹಲ್ಲುಗಳ ಉಂಗುರಕ್ಕೆ ಕಚ್ಚಿಸುತ್ತದೆ. ಹಲ್ಲು ಹಲ್ಲಿಗೆ ಕೂಡಿದ ಮೇಲೆಯೇ ಅದೇ ಕಡ್ಡಿ ದಪ್ಪ ತಾಮ್ರದ ತುಂಡುಗಳೆರಡನ್ನು ಜೋಡಿಸಿ, ಬ್ಯಾಟರಿಯ ಭಾರಿ ಪ್ರವಾಹವನ್ನು ಮೋಟಾರಿಗೆ ಬಿಡುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್. ಸಣ್ಣ ಕಾರಿನ ಸೆಲ್ಫ್ ಸಹ ನೂರು ಆಂಪಿಯರಿನ ಆಚೀಚೆ ಎಳೆಯುತ್ತದೆ. ಮೊದಲು ಕಚ್ಚು, ಆಮೇಲೆ ತಿರುಗು: ಈ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ಸದ್ದಿಗೆ ಬರೋಣ. ಕೀಲಿ ತಿರುಗಿಸಿದರೆ ‘ಟಕಟಕಟಕ’ ಎಂದು ಬೇಗಬೇಗ ಬಡಿದರೆ ಸೆಲ್ಫನ್ನು ಬಯ್ಯಬೇಡಿ. ಬ್ಯಾಟರಿ ಸೋತಿದೆ, ಇಲ್ಲವೆ ಅದರ ಟರ್ಮಿನಲ್ ಸಡಿಲವಾಗಿದೆ. ಸೊಲೆನಾಯ್ಡ್ ಕಡ್ಡಿಯನ್ನು ಸೆಳೆಯುತ್ತದೆ, ತಾಮ್ರಗಳು ಕೂಡುತ್ತವೆ. ಮೋಟಾರು ಪ್ರವಾಹ ಕೇಳಿದೊಡನೆ ಬಡ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ. ಸೊಲೆನಾಯ್ಡಿನ ಹಿಡಿತ ತಪ್ಪುತ್ತದೆ. ಕಡ್ಡಿ ಹಿಂದಕ್ಕೆ ಬಂದಾಗ ವೋಲ್ಟೇಜು ಮತ್ತೆ ಏರುತ್ತದೆ, ಮತ್ತೆ ಸೆಳೆಯುತ್ತದೆ. ಹಸಿದ ಎತ್ತು ನೊಗಕ್ಕೆ ಹೆಗಲು ಕೊಟ್ಟು, ಎಳೆಯಲಾರದೆ ಕುಸಿದು, ಮತ್ತೆ ಏಳುವಂತೆ.

ಹೆಡ್‌ಲೈಟು ಹಾಕಿಕೊಂಡು ಕೀಲಿ ತಿರುಗಿಸಿ ನೋಡಿ. ದೀಪ ಪೂರ್ತಿ ಮಂಕಾಗಿ ಹೋದರೆ ಮೊದಲು ಶಂಕಿಸಬೇಕಾದದ್ದು ಬ್ಯಾಟರಿಯನ್ನು, ಇಲ್ಲವೆ ಅದರ ತಂತಿಗಳನ್ನು. ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಬೂದಿ ಕಟ್ಟಿದ್ದರೆ ಅದೇ ಕಳ್ಳ. ತಂತಿಗಳನ್ನು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡ ಬೆರಸಿ ತೊಳೆದು, ಒರಸಿ, ಉಜ್ಜಿ ಹೊಳಪು ತಂದು ಬಿಗಿಯಾಗಿ ಕೂರಿಸಿ. ಬಿಚ್ಚುವಾಗ ನೆಗೆಟಿವ್ ಮೊದಲು. ಹಾಕುವಾಗ ಅದೇ ಕಡೆಯದು. ಎಂಜಿನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನೂ ಮುಟ್ಟಿ ನೋಡಿ. ಅದು ತುಕ್ಕು ಹಿಡಿದಿದ್ದರೆ ಹೊಸ ಬ್ಯಾಟರಿ ತಂದರೂ ಪ್ರಯೋಜನವಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬಿದ್ದರೆ ಮೀಟರು 12.6ರ ಸುಮಾರು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುಪಾಲು ಬರಿದಾಗಿದೆ ಎಂದು ತಿಳಿಯಿರಿ.

ಚಳಿ ದೇಶದಲ್ಲಿ ಬ್ಯಾಟರಿಗೆ ಚಳಿ ಶತ್ರು ಎನ್ನುತ್ತಾರೆ. ನಮ್ಮಲ್ಲಿ ಶತ್ರು ಬಿಸಿಲು. ಶಾಖ ಏರಿದಂತೆ ಒಳಗಿನ ಫಲಕಗಳ ಸವೆತವೂ ಏರುತ್ತದೆ, ನೀರು ಆರುತ್ತದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿ 2019ರಲ್ಲಿ ಪೂರ್ಣಗೊಂಡ ಸೌರ ಸ್ಥಾವರದ ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿ ವಿದ್ಯುತ್ತನ್ನು ಕೊಡುವ ಸೂರ್ಯನೇ ಪಕ್ಕದ ರಸ್ತೆಯಲ್ಲಿ ನಿಂತ ಕಾರಿನ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತಾನೆ. ಮುಚ್ಚಳ ಬಿಚ್ಚುವಂಥ ಬ್ಯಾಟರಿಯಾದರೆ ಬೇಸಗೆಯಲ್ಲಿ ತಿಂಗಳಿಗೊಮ್ಮೆ ನೋಡಿ ಡಿಸ್ಟಿಲ್ಡ್ ನೀರು ಹಾಕಿ. ಕೊಳವೆಬಾವಿಯ ನೀರು ಬೇಡ. ಪಾವಗಡದ ಫ್ಲೋರೈಡ್ ನೀರು ಕುಡಿಯುವ ಮನುಷ್ಯನಿಗೇ ಆಗದು, ಬ್ಯಾಟರಿಗೆ ಆದೀತೆ?

‘ಠಕ್’ ಎಂದು ಒಂದೇ ಸಲ ಗಟ್ಟಿಯಾಗಿ ಕೇಳಿಸಿ ಸುಮ್ಮನಾದರೆ ಕತೆ ಬೇರೆ. ಪಿನಿಯನ್ ಕಚ್ಚಿದೆ, ಮೋಟಾರು ತಿರುಗುತ್ತಿಲ್ಲ. ಹೆಡ್‌ಲೈಟು ಮಂಕಾಗದೆ ಹಾಗೇ ಉರಿಯುತ್ತಿದ್ದರೆ ಪ್ರವಾಹ ಮೋಟಾರನ್ನು ಮುಟ್ಟುತ್ತಲೇ ಇಲ್ಲ: ಸೊಲೆನಾಯ್ಡಿನ ತಾಮ್ರ ಸುಟ್ಟಿರಬೇಕು, ಇಲ್ಲವೆ ಮೋಟಾರಿನ ಕಾರ್ಬನ್ ಬ್ರಶ್ ಸವೆದಿರಬೇಕು. ಮರದ ಹಿಡಿಯಿಂದ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿದರೆ ಸಿಕ್ಕಿಕೊಂಡ ಬ್ರಶ್ ಅಲುಗಿ ಒಮ್ಮೆ ತಿರುಗೀತು. ಊರು ಸೇರಲು ಅಷ್ಟು ಸಾಕು. ನಾಳೆಯೂ ಹೀಗೇ ತಟ್ಟಿದರಾಯಿತೆಂದುಕೊಂಡು ಹಾಗೇ ಓಡಿಸುವವರು ಇದ್ದಾರೆ. ಅವರಿಗೆ ನಾನು ಹೇಳುವುದೇನೂ ಇಲ್ಲ.

ಏನೂ ಸದ್ದಿಲ್ಲದಿದ್ದರೆ ಸುಲಭದ್ದನ್ನು ಮೊದಲು ನೋಡಿ. ಆಟೊಮ್ಯಾಟಿಕ್ ಗಾಡಿಯಾದರೆ ಗೇರು ‘ಪಿ’ ಅಥವಾ ‘ಎನ್’ನಲ್ಲಿ ಇದೆಯೆ? ಕ್ಲಚ್ಚನ್ನು ಪೂರ್ತಿ ಒತ್ತಿದ್ದೀರಾ? ಫ್ಯೂಸು, ರಿಲೇ, ಸೊಲೆನಾಯ್ಡಿಗೆ ಬರುವ ತೆಳು ತಂತಿ, ಕೀಲಿಯನ್ನು ಗುರುತಿಸದೆ ಮಿನುಗುವ ದೀಪ, ಇವುಗಳಲ್ಲಿ ಒಂದು ಇರುತ್ತದೆ.

ಇನ್ನು ನಿಜವಾಗಿ ಸೆಲ್ಫ್ ಕಚ್ಚದಿರುವ ಪ್ರಸಂಗ. ಕೀಲಿ ತಿರುಗಿಸಿದರೆ ಮೋಟಾರು ‘ರ್‍ಯುಂಯ್’ ಎಂದು ತಾನೊಂದೇ ಓಡುತ್ತದೆ; ಎಂಜಿನು ಮಾತ್ರ ಕದಲದು. ಇಲ್ಲಿ ಬ್ಯಾಟರಿ ಬದಲಾಯಿಸಿದರೆ ದುಡ್ಡು ದಂಡ. ಮೊದಲು ಹೇಳಿದ ಕ್ರಮವನ್ನು ನೆನೆಯಿರಿ: ಪಿನಿಯನ್ ಮುಂದೆ ಹೋದಮೇಲೆಯೇ ಮೋಟಾರಿಗೆ ಪ್ರವಾಹ. ಮೋಟಾರು ಓಡುತ್ತಿದೆ ಎಂದರೆ ಕಡ್ಡಿ ಬಹುಮಟ್ಟಿಗೆ ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಹಾಗಾದರೆ ಜಾರುತ್ತಿರುವುದು ಯಾವುದು? ಹೆಚ್ಚಿನ ವೇಳೆ, ಪಿನಿಯನ್ನಿನ ಹಿಂದಿರುವ ಏಕಮುಖ ಕ್ಲಚ್ಚು. ಸೈಕಲ್ಲಿನ ಹಿಂದಿನ ಫ್ರೀವೀಲನ್ನು ಬಲ್ಲಿರಿ. ಮುಂದಕ್ಕೆ ತುಳಿದರೆ ಹಿಡಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ಬಿಡುತ್ತದೆ. ಎಂಜಿನು ಎದ್ದೊಡನೆ ದೊಡ್ಡ ಚಕ್ರವು ಪುಟ್ಟ ಪಿನಿಯನ್ನನ್ನು ಹತ್ತು ಪಟ್ಟಿಗೂ ಮೀರಿದ ವೇಗದಲ್ಲಿ ತಿರುಗಿಸಿ ಮೋಟಾರನ್ನೇ ಒಡೆದೀತೆಂದು ಈ ಏರ್ಪಾಡು. ಅದರೊಳಗಿನ ಉರುಳೆಗಳು ಸವೆದರೆ ಎರಡು ಕಡೆಗೂ ಬಿಟ್ಟುಬಿಡುತ್ತವೆ. ಇದು ದಿಢೀರೆಂದು ಕೆಡುವುದು ಅಪರೂಪ. ಬೆಳಗ್ಗೆ ಮೂರು ಸಲಕ್ಕೆ ಒಮ್ಮೆ ಜಾರುತ್ತ, ಆಮೇಲೆ ಎರಡು ಸಲಕ್ಕೆ ಒಮ್ಮೆ ಜಾರುತ್ತ ಮುನ್ಸೂಚನೆ ಕೊಡುತ್ತದೆ.

ಮಿಸ್ತ್ರಿಗಳು ಈ ಭಾಗವನ್ನು ‘ಬೆಂಡಿಕ್ಸ್’ ಎನ್ನುತ್ತಾರೆ. ಅದು ವಿನ್ಸೆಂಟ್ ಬೆಂಡಿಕ್ಸ್ ಎಂಬ ಅಮೆರಿಕದವನ ಹೆಸರು. ಅವನ ಏರ್ಪಾಡೇ ಬೇರೆ. ಅದರಲ್ಲಿ ಸೊಲೆನಾಯ್ಡು ದೂಡುವುದಿಲ್ಲ, ಮೋಟಾರು ತಿರುಗಿದ ರಭಸಕ್ಕೆ ಪಿನಿಯನ್ ಸುರುಳಿ ಮರೆಯ ಮೇಲೆ ತಾನೇ ಹಾರಿ ಹೋಗಿ ಕಚ್ಚುತ್ತಿತ್ತು. ಹಳೆಯ ಅಂಬಾಸಿಡರಿನದು ಈ ಬಗೆ. ಅದನ್ನು ಇಂದಿಗೂ ಸಾಕಿಕೊಂಡಿರುವವರು ಒಂದು ಮಾತು ಕೇಳಬೇಕು: ಆ ಸುರುಳಿಗೆ ಎಣ್ಣೆ ಬಿಡಬೇಡಿ. ಬಯಲುಸೀಮೆಯ ಧೂಳು ಎಣ್ಣೆಗೆ ಮೆತ್ತಿ ಪಿನಿಯನ್ ಮೇಲೇಳದಂತಾಗುತ್ತದೆ. ಸೀಮೆಎಣ್ಣೆಯಿಂದ ತೊಳೆದು ಒಣಗಿಸಿದರೆ ಸಾಕು. ಕಚ್ಚಿದ ಪಿನಿಯನ್ ಬಿಡದಿದ್ದರೆ ಮೋಟಾರಿನ ಹಿಂಬದಿಯಲ್ಲಿ ಚೌಕನಾದ ದಂಡದ ತುದಿಯೊಂದಿದೆ. ಸ್ಪ್ಯಾನರು ಹಾಕಿ ತಿರುಗಿಸಿದರೆ ಬಿಡುತ್ತದೆ.

ಜಾರುವುದರ ಜೊತೆಗೆ ‘ಕರಕರ’ ಎಂಬ ಸದ್ದೂ ಇದ್ದರೆ ದೊಡ್ಡ ಉಂಗುರದ ಹಲ್ಲು ಸವೆದಿರಬಹುದು. ನಾಲ್ಕು ಸಿಲಿಂಡರಿನ ಎಂಜಿನು ನಿಲ್ಲುವಾಗ ಹೆಚ್ಚುಕಡಮೆ ಅದೇ ಎರಡು ಎಡೆಗಳಲ್ಲಿ ನಿಲ್ಲುತ್ತದೆ. ಆದುದರಿಂದ ಸವೆತವೂ ಎದುರುಬದುರಾದ ಆ ಎರಡೇ ಎಡೆಗಳಲ್ಲಿ. ಪರೀಕ್ಷೆ ಸುಲಭ. ಕೀಲಿ ಆರಿಸಿ, ಮೇಲಿನ ಗೇರಿಗೆ ಹಾಕಿ, ಕಾರನ್ನು ಅರ್ಧ ಅಡಿ ತಳ್ಳಿ; ಮತ್ತೆ ನ್ಯೂಟ್ರಲಿಗೆ ತಂದು ಕೀಲಿ ತಿರುಗಿಸಿ. ಈಗ ಕಚ್ಚಿತೆ? ಸವೆದಿರುವುದು ಉಂಗುರವೇ. ಅದನ್ನು ಬದಲಾಯಿಸಲು ಗೇರ್‌ಬಾಕ್ಸು ಇಳಿಸಬೇಕು, ಖರ್ಚು ದೊಡ್ಡದು. ಆದಕಾರಣ ಈ ಪರೀಕ್ಷೆ ಮಾಡದೆ ಯಾರಿಗೂ ಒಪ್ಪಿಗೆ ಕೊಡಬೇಡಿ.

ಎರಡು ಅಪಾಯಗಳನ್ನು ಹೇಳಲೇಬೇಕು. ಕಾರಿನ ಕೆಳಗೆ ಮಲಗಿ ಸೊಲೆನಾಯ್ಡಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸೆಲ್ಫ್ ಹೊಡೆಯುವುದು ನಮ್ಮಲ್ಲಿ ಒಂದು ಜಾಣತನವೆನಿಸಿದೆ. ಗೇರಿನಲ್ಲಿದ್ದ ಗಾಡಿ ಹಾಗೇ ಮೈಮೇಲೆ ಹರಿಯುತ್ತದೆ. ಇನ್ನು ಬ್ಯಾಟರಿಯಿಂದ ಹೈಡ್ರೊಜನ್ ಅನಿಲ ಹೊರಡುತ್ತದೆ. ಬೀಡಿ ಕಚ್ಚಿಕೊಂಡು ಬಗ್ಗಿ ನೋಡಬೇಡಿ, ಬೆಂಕಿಕಡ್ಡಿ ಗೀರಬೇಡಿ. ಬೇರೆ ಗಾಡಿಯಿಂದ ತಂತಿ ಎಳೆಯುವುದಾದರೆ ಕೆಂಪನ್ನು ಕೆಂಪಿಗೆ ಹಾಕಿ. ಕರಿಯ ತಂತಿಯ ಕೊನೆಯ ತುದಿಯನ್ನು ಸೋತ ಬ್ಯಾಟರಿಗೆ ಸಿಕ್ಕಿಸದೆ ದೂರದಲ್ಲಿ ಎಂಜಿನಿನ ಬರಿಯ ಲೋಹಕ್ಕೆ ಸಿಕ್ಕಿಸಿ. ಕಿಡಿ ಹಾರಿದರೂ ಅಲ್ಲೇ ಆರುತ್ತದೆ.

ಗ್ಯಾರೇಜಿಗೆ ಹೋದಾಗ ‘ಸೆಲ್ಫ್ ಹೋಗಿದೆ, ನೋಡಪ್ಪ’ ಎನ್ನುವ ಬದಲು ಕೇಳಿದ ಸದ್ದನ್ನೇ ಹೇಳಿ. ಬೆಂಡಿಕ್ಸ್ ಕೆಟ್ಟಿದೆ ಎಂದರೆ ಬಿಚ್ಚಿದ್ದನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ತಿರುಗಿಸಿ ನೋಡಿ. ಒಂದು ಕಡೆಗೆ ಸಲೀಸಾಗಿ ತಿರುಗಿ, ಇನ್ನೊಂದು ಕಡೆಗೆ ಗಟ್ಟಿಯಾಗಿ ನಿಂತರೆ ಕ್ಲಚ್ಚು ಬಹುಶಃ ಚೆನ್ನಾಗಿದೆ. ಎರಡು ಕಡೆಗೂ ತಿರುಗಿದರೆ ಅದು ಹೋಗಿದೆ. ಅದೊಂದನ್ನೇ ಬದಲಾಯಿಸಲು ಹೇಳಿ, ಮೋಟಾರಿನ ಉಳಿದ ಭಾಗ ಹಾಗೇ ಇರಲಿ.