ಕಿಂಡಿ ಎರಡು, ಯಂತ್ರ ನಾಲ್ಕು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ಸಭೆಯಲ್ಲಿ ಸಾಹಿತ್ಯ, ಸಂಗೀತ, ಇಲ್ಲವೆ ಊರಿನ ವಿಚಾರವಾಗಿ ಭಾಷಣಗಳಾಗುವುದು ವಾಡಿಕೆ. ಇಂದು ನಾವು ವೈರಿನ ವಿಷಯ ಮಾತನಾಡಲು ನಿಂತಿದ್ದೇವೆ. ನಗುವವರು ನಗಬಹುದು. ಆದರೆ ಕಳೆದ ಆರು ತಿಂಗಳಲ್ಲಿ ಈ ವಾಚನಾಲಯದಲ್ಲಿ ಪತ್ರಿಕೆಗಾಗಿ ಆದ ಜಗಳಕ್ಕಿಂತ ವೈರಿಗಾಗಿ ಆದ ಜಗಳವೇ ಹೆಚ್ಚೆಂಬುದನ್ನು ಇಲ್ಲಿ ಕುಳಿತವರೆಲ್ಲ ಬಲ್ಲರು. ಆದ್ದರಿಂದ ಈ ಮಾತನ್ನು ಒಮ್ಮೆ ಬಿಡಿಸಿ ಹೇಳುವುದು ಸಮಿತಿಯ ಕರ್ತವ್ಯವೆಂದು ನಮಗೆ ತೋರಿತು.

ನಮ್ಮ ದೇಶದಲ್ಲಿ ಟೆಲಿವಿಷನ್ ಮೊದಲು ಬಂದದ್ದು ದೆಹಲಿಗೆ, 1959ರ ಸೆಪ್ಟೆಂಬರ್ 15ರಂದು. ಈ ಮುಂಬಯಿಗೆ ಬಂದದ್ದು 1972ರ ಅಕ್ಟೋಬರ್ 2ರಂದು. ಆಗ ಟಿ.ವಿ.ಗೆ ಬೇಕಾದದ್ದು ಎರಡೇ ವೈರು: ಒಂದು ಕರೆಂಟಿನದು, ಇನ್ನೊಂದು ಮಾಳಿಗೆಯ ಮೇಲಿನ ಆಂಟೆನಾದ್ದು. ಜಗಳವಾದರೆ ಯಾವ ಕಾರ್ಯಕ್ರಮ ನೋಡುವುದೆಂದಲ್ಲ, ಮುಂದಿನ ಸಾಲಿನಲ್ಲಿ ಯಾರು ಕೂರುವುದೆಂದು. ಇಂದಿನ ಸ್ಥಿತಿ ಬೇರೆ. ಒಂದೇ ಖೋಲಿಯಲ್ಲಿ ಸೆಟ್ ಟಾಪ್ ಬಾಕ್ಸು, ಡಿ.ವಿ.ಡಿ. ಪ್ಲೇಯರು, ಲ್ಯಾಪ್‌ಟಾಪು, ಟೇಪ್ ರೆಕಾರ್ಡರು, ಮೊಬೈಲು ಎಲ್ಲವೂ ಇವೆ. ಇವೆಲ್ಲದರ ಧ್ವನಿಯೂ ದೊಡ್ಡದಾಗಿ, ಚೆನ್ನಾಗಿ ಕೇಳಬೇಕೆಂಬ ಆಸೆಯೂ ಇದೆ. ಆದರೆ ಧ್ವನಿ ಕೊಡುವ ಹೋಮ್ ಥಿಯೇಟರಿನ ಬೆನ್ನಲ್ಲಿರುವ ಕಿಂಡಿಗಳು ಮಾತ್ರ ಒಂದೋ ಎರಡೋ.

ನಮ್ಮ ವಾಚನಾಲಯದ್ದೂ ಇದೇ ಕಥೆ. ಸದಸ್ಯರೊಬ್ಬರು ಮನೆ ಬದಲಾಯಿಸುವಾಗ ತಮ್ಮ ಹಳೆಯ ಹೋಮ್ ಥಿಯೇಟರನ್ನು ಪ್ರೀತಿಯಿಂದ ನಮಗೆ ಕೊಟ್ಟುಹೋದರು. ಅದರ ಬೆನ್ನಲ್ಲಿ ಎರಡು ಕಿಂಡಿ. ಒಂದು, ಕೆಂಪು ಬಿಳಿ ಪಿನ್ನುಗಳನ್ನು ಚುಚ್ಚುವ ಆಕ್ಸ್. ಇನ್ನೊಂದು, ಚಿಕ್ಕ ಚೌಕದ ಆಪ್ಟಿಕಲ್. ಆಪ್ಟಿಕಲ್ ಏನೆಂದು ನಮಗಾರಿಗೂ ತಿಳಿಯದ್ದರಿಂದ ಅದರ ಮುಚ್ಚಳವನ್ನೇ ತೆಗೆಯಲಿಲ್ಲ. ಇರುವ ಒಂದು ಆಕ್ಸಿಗೆ ಎಲ್ಲರೂ ಮುಗಿಬಿದ್ದೆವು. ಬೆಳಗ್ಗೆ ವಾರ್ತೆ ಕೇಳುವ ಹಿರಿಯರು ಸೆಟ್ ಟಾಪ್ ಬಾಕ್ಸಿನ ಪಿನ್ನು ಚುಚ್ಚುವರು. ಮಧ್ಯಾಹ್ನ ಮಕ್ಕಳ ಕನ್ನಡ ತರಗತಿಯವರು ಅದನ್ನು ಕಿತ್ತು ಲ್ಯಾಪ್‌ಟಾಪಿನದನ್ನು ಚುಚ್ಚುವರು. ರಾತ್ರಿ ಹೋಟೆಲಿನ ಕೆಲಸ ಮುಗಿಸಿ ಬಂದ ಹುಡುಗರು ಅದನ್ನೂ ಕಿತ್ತು ಸಿನಿಮಾ ಹಚ್ಚುವರು. ಮರುದಿನ ಹಿರಿಯರು ಬಂದು, ತಮ್ಮ ವೈರು ಕಿತ್ತವರಾರೆಂದು ಸಿಡುಕುವರು. ಹೀಗೆ ದಿನಕ್ಕೆ ನಾಲ್ಕೈದು ಸಲ ಕಿತ್ತು ಚುಚ್ಚಿದರೆ ಯಾವ ಕಿಂಡಿ ತಾನೆ ಉಳಿದೀತು?

ಅದು ಒಡೆದ ಸಂಜೆಯನ್ನು ನಾವು ಮರೆಯುವಂತಿಲ್ಲ. ನಮ್ಮ ಗುಮಾಸ್ತ ಸದಸ್ಯರೊಬ್ಬರ ತಂದೆಯವರು ಇಲ್ಲಿಯೇ ಒಂದು ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ದುಡಿದವರು. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. 1987ರಲ್ಲಿ ನಮ್ಮ ಸಂಘದಲ್ಲಿ ನಡೆದ ವಾಲಿ ಮೋಕ್ಷ ಪ್ರಸಂಗದಲ್ಲಿ ಅವರದು ವಾಲಿಯ ಪಾತ್ರ. ಅದರ ಕ್ಯಾಸೆಟ್ಟು ನಮ್ಮ ಕಪಾಟಿನಲ್ಲಿತ್ತು. ಅವರು ತೀರಿಕೊಂಡು ಬಹುಕಾಲವಾಯಿತು. ಊರಿನಿಂದ ಅವರ ಹೆಂಡತಿ ಮಗನ ಮನೆಗೆ ಬಂದಿದ್ದರು. ಒಮ್ಮೆ ಯಜಮಾನರ ಧ್ವನಿ ಕೇಳಬೇಕೆಂದು ಆಸೆಪಟ್ಟರು. ಕೇಳಿಸೋಣ, ಬನ್ನಿ ಎಂದು ನಾವೇ ಕರೆದೆವು. ಆ ತಾಯಿ ಒಳ್ಳೆಯ ಸೀರೆ ಉಟ್ಟು, ಮೊದಲ ಸಾಲಿನಲ್ಲಿ ಬಂದು ಕುಳಿತರು. ಟೇಪ್ ರೆಕಾರ್ಡರಿನ ಪಿನ್ನು ಚುಚ್ಚಿದಾಗ ಕರಕರ ಶಬ್ದ ಬಿಟ್ಟು ಬೇರೇನೂ ಇಲ್ಲ. ಒಬ್ಬರು ವಾಲ್ಯೂಮು ಏರಿಸಿದರು, ಇನ್ನೊಬ್ಬರು ಪಿನ್ನನ್ನು ತಿರುಚಿದರು. ದಡ್ ಎಂದು ದೊಡ್ಡ ಸದ್ದಾಯಿತು. ಆಕ್ಸಿನ ಕಿಂಡಿ ಮುರಿದು ಒಳಕ್ಕೆ ಹೋಗಿತ್ತು. ಆ ತಾಯಿ ಒಂದೂವರೆ ಗಂಟೆ ಕಾದರು. "ಇರಲಿ ಮಕ್ಕಳೇ, ಇನ್ನೊಮ್ಮೆ ಬಂದಾಗ ಕೇಳುತ್ತೇನೆ" ಎಂದು ನಮ್ಮನ್ನೇ ಸಮಾಧಾನ ಮಾಡಿ ಎದ್ದರು. ಮರುದಿನ ಅವರ ರೈಲು. ಎಂಬತ್ತು ದಾಟಿದವರು. ಇನ್ನೊಮ್ಮೆ ಯಾವಾಗ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ.

ಮರುವಾರ ನಾವು ಮೂವರು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದುಹೋಗುವಷ್ಟೇ ದೂರ. ಅಲ್ಲಿ ರಿಪೇರಿ ಮಾಡುವವರೊಬ್ಬರು ಮುರಿದ ಕಿಂಡಿ ತೆಗೆದು ಹೊಸದನ್ನು ಬೆಸೆದುಕೊಟ್ಟರು; ಮುಂದೆ ಹೀಗಾಗದಂತೆ ಏನು ಮಾಡಬೇಕೆಂದೂ ತಿಳಿಸಿದರು. ನಾವು ಕಲಿತದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇವೆ. ನಿಮ್ಮ ಮನೆಗಳಲ್ಲಿಯೂ ಇದು ಉಪಯೋಗಕ್ಕೆ ಬಂದೀತು.

ಮೊದಲನೆಯ ಸೂತ್ರ ಇದು. ಚಿತ್ರವುಳ್ಳ ಯಂತ್ರಗಳೆಲ್ಲ ಟಿ.ವಿ.ಗೆ ಹೋಗಲಿ, ಟಿ.ವಿ.ಯಿಂದ ಒಂದೇ ಒಂದು ಧ್ವನಿಯ ವೈರು ಹೋಮ್ ಥಿಯೇಟರಿಗೆ ಬರಲಿ. ನಾವು ಮಾಡುತ್ತಿದ್ದ ತಪ್ಪೇ ಇದು. ಪ್ರತಿಯೊಂದು ಯಂತ್ರವನ್ನೂ ನೇರವಾಗಿ ಹೋಮ್ ಥಿಯೇಟರಿಗೆ ತರುತ್ತಿದ್ದೆವು. ನಾಲ್ಕು ಹಳ್ಳಿಯ ನೀರು ಒಂದು ಕೆರೆಗೆ ಬಂದು, ಕೆರೆಯಿಂದ ಒಂದೇ ಕಾಲುವೆ ಹೊರಡುವುದಿಲ್ಲವೆ? ಹಾಗೆಯೇ ಟಿ.ವಿ.ಯನ್ನು ಕೆರೆ ಮಾಡಿಕೊಳ್ಳಬೇಕು. ಟಿ.ವಿ.ಯಲ್ಲಿ ಯಾವ ಯಂತ್ರದ ಚಿತ್ರ ಆರಿಸುತ್ತೀರೋ ಅದರ ಧ್ವನಿಯೇ ಹೊರಗೆ ಬರುತ್ತದೆ. ಏನನ್ನೂ ಕೀಳಬೇಕಾಗಿಲ್ಲ.

ಈ ಒಂದೇ ವೈರು ಯಾವುದು? ನಮ್ಮಲ್ಲಿ ಅದು ಮುಚ್ಚಳ ಹಾಕಿಟ್ಟಿದ್ದ ಆಪ್ಟಿಕಲ್ ಕಿಂಡಿಯೇ. ಇದನ್ನು 1983ರಲ್ಲಿ ಜಪಾನಿನ ತೋಷಿಬಾ ಕಂಪನಿಯವರು ತಂದರು. ಇದರಲ್ಲಿ ಹರಿಯುವುದು ಕರೆಂಟಲ್ಲ, ಕೆಂಪು ಬೆಳಕು. ಟಿ.ವಿ. ಹಚ್ಚಿ ವೈರಿನ ತುದಿ ನೋಡಿದರೆ ಬೆಳಕು ಕಾಣುತ್ತದೆ. ಕರೆಂಟು ಹರಿಯದ ಕಾರಣ ಗುಂಯ್‌ಗುಡುವ ಶಬ್ದ ಇದರ ಮೂಲಕ ದಾಟಿ ಬರುವುದಿಲ್ಲ. ಒಂದೇ ಎಚ್ಚರಿಕೆ: ಈ ವೈರನ್ನು ಚೂಪಾಗಿ ಮಡಿಸಬಾರದು.

ಹೊಸ ಟಿ.ವಿ.ಗಳಲ್ಲಿ ಇನ್ನೂ ಒಂದು ದಾರಿಯಿದೆ. ಎಚ್.ಡಿ.ಎಂ.ಐ. ಎಂಬ ಚಪ್ಪಟೆ ಕಿಂಡಿಯನ್ನು ನೀವೆಲ್ಲ ನೋಡಿದ್ದೀರಿ. ಚಿತ್ರ ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ಒಯ್ಯುವ ಈ ಪದ್ಧತಿಯ ಮೊದಲ ನಿಯಮಾವಳಿ ಹೊರಬಂದದ್ದು 2002ರಲ್ಲಿ. 2009ರಲ್ಲಿ ಇದಕ್ಕೆ ಎ.ಆರ್.ಸಿ. ಎಂಬ ಸೌಲಭ್ಯ ಸೇರಿತು. ಅದೆಂದರೆ, ಟಿ.ವಿ.ಯಿಂದ ಧ್ವನಿ ಅದೇ ವೈರಿನಲ್ಲಿ ಹಿಂದಕ್ಕೆ ಹೋಮ್ ಥಿಯೇಟರಿಗೆ ಬರುವ ಏರ್ಪಾಡು. ಟಿ.ವಿ.ಯ ಕಿಂಡಿಯ ಪಕ್ಕದಲ್ಲಿಯೂ ಹೋಮ್ ಥಿಯೇಟರಿನ ಕಿಂಡಿಯ ಪಕ್ಕದಲ್ಲಿಯೂ ಎ.ಆರ್.ಸಿ. ಎಂದು ಬರೆದಿರಬೇಕು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ.

ಎರಡನೆಯ ಪ್ರಶ್ನೆ: ಟಿ.ವಿ.ಯಲ್ಲೇ ಕಿಂಡಿ ಸಾಲದಿದ್ದರೆ? ನಮ್ಮ ಟಿ.ವಿ.ಗೆ ಎಚ್.ಡಿ.ಎಂ.ಐ. ಕಿಂಡಿ ಎರಡು, ಯಂತ್ರಗಳು ಮೂರು: ಸೆಟ್ ಟಾಪ್ ಬಾಕ್ಸು, ಡಿ.ವಿ.ಡಿ. ಪ್ಲೇಯರು, ಲ್ಯಾಪ್‌ಟಾಪು. ಇದಕ್ಕೆ ಎಚ್.ಡಿ.ಎಂ.ಐ. ಸ್ವಿಚ್ಚು ಎಂಬ ಚಿಕ್ಕ ಡಬ್ಬಿ ಸಿಗುತ್ತದೆ. ಮೂರು ಬಂದು ಒಂದು ಹೋಗುವಂಥದು ಕೆಲವು ನೂರು ರೂಪಾಯಿಗೆ ಬರುತ್ತದೆ. ಗುಂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಕೊಳ್ಳುವಾಗ ಹೆಸರನ್ನು ಸರಿಯಾಗಿ ಹೇಳಿ. ಸ್ವಿಚ್ಚು ಬೇರೆ, ಸ್ಪ್ಲಿಟರು ಬೇರೆ. ಸ್ವಿಚ್ಚು ಹಲವು ಯಂತ್ರಗಳನ್ನು ಒಂದು ಟಿ.ವಿ.ಗೆ ತರುತ್ತದೆ, ಸ್ಪ್ಲಿಟರು ಒಂದು ಯಂತ್ರವನ್ನು ಹಲವು ಟಿ.ವಿ.ಗಳಿಗೆ ಹಂಚುತ್ತದೆ. ನಾವು ಮೊದಲ ಸಲ ಸ್ಪ್ಲಿಟರನ್ನೇ ಕೊಂಡುತಂದು, ಮತ್ತೆ ರೈಲು ಹತ್ತಿ ಬದಲಾಯಿಸಿಕೊಂಡು ಬಂದೆವು. ನಿಮಗೆ ಆ ಟಿಕೇಟಿನ ಖರ್ಚು ಬೇಡ. ಟಿ.ವಿ.ಯಿಂದ ಧ್ವನಿಗೆ ಎ.ಆರ್.ಸಿ. ಉಪಯೋಗಿಸುವವರು ಆ ಕಿಂಡಿಯನ್ನು ಹೋಮ್ ಥಿಯೇಟರಿಗೇ ಬಿಟ್ಟು, ಸ್ವಿಚ್ಚನ್ನು ಇನ್ನೊಂದು ಕಿಂಡಿಗೆ ಹಾಕಬೇಕು.

ಮೂರನೆಯದು, ಚಿತ್ರವಿಲ್ಲದ ಯಂತ್ರ. ಟೇಪ್ ರೆಕಾರ್ಡರಿಗೆ ಟಿ.ವಿ.ಯ ಗೊಡವೆ ಬೇಡ. ಉಳಿದ ಮೂರೂ ಆಪ್ಟಿಕಲ್ ಮೂಲಕ ಬಂದಮೇಲೆ ಆಕ್ಸಿನ ಕಿಂಡಿ ಖಾಲಿಯಾಯಿತಷ್ಟೆ. ಅದು ಟೇಪ್ ರೆಕಾರ್ಡರಿಗೆ ಮೀಸಲು. ಮೊಬೈಲನ್ನೂ ಸೇರಿಸಬೇಕೆಂದರೆ ಕೆಂಪು ಬಿಳಿ ಪಿನ್ನುಗಳಿಗೇ ಬೇರೊಂದು ಸೆಲೆಕ್ಟರ್ ಡಬ್ಬಿ ಸಿಗುತ್ತದೆ. ಅದಕ್ಕೆ ಕರೆಂಟೂ ಬೇಡ. ಇಲ್ಲೊಂದು ತಪ್ಪು ಮಾಡಬೇಡಿ. ಇಬ್ಭಾಗದ ಅಗ್ಗದ ವೈರಿನಿಂದ ಎರಡು ಯಂತ್ರಗಳ ಧ್ವನಿಯನ್ನು ಒಂದೇ ಕಿಂಡಿಗೆ ಒಟ್ಟಿಗೆ ಸೇರಿಸಬಾರದು. ಒಂದರ ಧ್ವನಿ ಇನ್ನೊಂದರ ಒಳಕ್ಕೆ ನುಗ್ಗಿ, ಎರಡೂ ಕ್ಷೀಣಿಸುತ್ತವೆ, ಯಂತ್ರಕ್ಕೂ ಒಳ್ಳೆಯದಲ್ಲ. ಒಂದು ಹೊತ್ತಿಗೆ ಒಂದೇ ಯಂತ್ರ ಮಾತನಾಡಬೇಕು. ಸಭೆಯ ನಿಯಮವೂ ಅದೇ ತಾನೆ?

ಹೋಮ್ ಥಿಯೇಟರಿನಲ್ಲಿ ಆಪ್ಟಿಕಲ್ ಕಿಂಡಿಯೇ ಇಲ್ಲದವರು ಏನು ಮಾಡಬೇಕು? ಬೆಳಕನ್ನು ಮತ್ತೆ ಕೆಂಪು ಬಿಳಿ ಪಿನ್ನಿಗೆ ಬದಲಾಯಿಸುವ ಪರಿವರ್ತಕವಿದೆ. ಅಂಗಡಿಯಲ್ಲಿ ಡ್ಯಾಕ್ ಎಂದು ಕೇಳಿದರೆ ಕೊಡುತ್ತಾರೆ. ಅದನ್ನು ಹಾಕಿದ ಮೇಲೆ ಟಿ.ವಿ.ಯ ಧ್ವನಿಯ ಸೆಟ್ಟಿಂಗಿನಲ್ಲಿ ಪಿ.ಸಿ.ಎಂ. ಎಂಬುದನ್ನು ಆರಿಸಬೇಕು. ಇಲ್ಲದಿದ್ದರೆ ಧ್ವನಿಯೇ ಬಾರದೆ, ಯಂತ್ರ ಕೆಟ್ಟಿತೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗುವಿರಿ. ಅದಕ್ಕಿಂತಲೂ ಅಗ್ಗವಾದ ದಾರಿ ಟಿ.ವಿ.ಯ ಇಯರ್‌ಫೋನ್ ಕಿಂಡಿಯಿಂದ ಆಕ್ಸಿಗೆ ಒಂದು ವೈರು. ಟಿ.ವಿ.ಯಲ್ಲಿ ಆ ಕಿಂಡಿ ಇದ್ದರೆ ಅಷ್ಟೇ ಸಾಕು.

ಇನ್ನು ಕೆಲವು ಕಿವಿಮಾತು. ಟಿ.ವಿ.ಯ ಮೂಲಕ ಹಾದುಬಂದ ಧ್ವನಿ ಕೆಲವು ಟಿ.ವಿ.ಗಳಲ್ಲಿ ಎರಡೇ ಕವಲಾಗಿ ಬರುತ್ತದೆ. ಆರು ಸ್ಪೀಕರಿಗೂ ಬೇರೆ ಬೇರೆಯಾಗಿ ಬಾರದು. ವಾರ್ತೆಗೂ ಭಜನೆಗೂ ಇದರಿಂದ ನಷ್ಟವಿಲ್ಲ. ಮಾತು ತುಟಿಗಿಂತ ಹಿಂದೆ ಬಿದ್ದಂತೆ ಕಂಡರೆ ಟಿ.ವಿ.ಯ ಸೆಟ್ಟಿಂಗಿನಲ್ಲಿ ಅದನ್ನು ತಿದ್ದುವ ಏರ್ಪಾಡು ಇದೆಯೇ ನೋಡಿ. ಗುಂಯ್ ಶಬ್ದ ಬಂದರೆ ಒಂದೊಂದೇ ವೈರು ತೆಗೆದು ನೋಡಿ, ಯಾವುದರಿಂದ ಬರುತ್ತಿದೆಯೆಂದು ಹುಡುಕಿ. ಅನೇಕ ವೇಳೆ ಅದು ಕೇಬಲ್ಲಿನವರ ವೈರಿನಿಂದಲೇ ಬರುತ್ತದೆ. ಯಂತ್ರಗಳೆಲ್ಲವನ್ನೂ ಅರ್ಥಿಂಗ್ ಸರಿಯಿರುವ ಒಂದೇ ಬೋರ್ಡಿಗೆ ಹಾಕಿ. ಶಬ್ದ ಹೋಗಲಿ ಎಂದು ಪ್ಲಗ್ಗಿನ ಮೂರನೆಯ ಕಾಲು ಮುರಿಯುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಎಂದೂ ಮಾಡಕೂಡದು. ಪಿನ್ನು ಚುಚ್ಚುವ ಮುನ್ನ ಹೋಮ್ ಥಿಯೇಟರನ್ನು ಆರಿಸಿ. ವೈರನ್ನು ಜಗ್ಗದೆ ಪಿನ್ನಿನ ತಲೆ ಹಿಡಿದು ತೆಗೆಯಿರಿ. ಕಡೆಯದಾಗಿ, ಪ್ರತಿ ವೈರಿಗೂ ಒಂದು ಚೀಟಿ ಅಂಟಿಸಿ, ಕನ್ನಡದಲ್ಲಿ ಹೆಸರು ಬರೆಯಿರಿ. ನಮ್ಮ ಮಕ್ಕಳ ತರಗತಿಯವರು ಆ ಕೆಲಸವನ್ನು ಅಕ್ಷರಾಭ್ಯಾಸವೆಂದೇ ಮಾಡಿಕೊಟ್ಟಿದ್ದಾರೆ. "ವಾರ್ತೆ", "ಪಾಠ", "ಸಿನಿಮಾ", "ಅಜ್ಜನ ಟೇಪು" ಎಂಬ ನಾಲ್ಕು ಚೀಟಿಗಳನ್ನು ನೀವೇ ಹಿಂದೆ ಹೋಗಿ ನೋಡಬಹುದು.

ಪುಣೆಯಲ್ಲಿರುವ ನಮ್ಮವರಿಗೆ ಈ ಸಾಮಾನುಗಳು ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ, ಚೆನ್ನೈಯವರಿಗೆ ರಿಚಿ ಸ್ಟ್ರೀಟಿನಲ್ಲಿ, ದೆಹಲಿಯವರಿಗೆ ಕೆಂಪುಕೋಟೆಯೆದುರಿನ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ದೊರೆಯುತ್ತವೆ. ಹೋಗುವ ಮುನ್ನ ಯಂತ್ರದ ಬೆನ್ನಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಬಾಯಿಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಬಾಂಧವರೇ, ಈಗ ಕ್ಯಾಸೆಟ್ಟಿನ ಮಾತಿಗೆ ಮರಳುತ್ತೇವೆ. ಎಲ್ಲ ಸರಿಹೋದ ಮೇಲೆ ಆ ಕ್ಯಾಸೆಟ್ಟನ್ನು ಹಚ್ಚಿದೆವು. ಅಜ್ಜನ ಧ್ವನಿ ಈ ಕೋಣೆಯನ್ನೆಲ್ಲ ತುಂಬಿತು. ಆ ಮಗ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಆದರೆ ಕೇಳಬೇಕಾದವರು ಇಲ್ಲಿರಲಿಲ್ಲ. ಆಗ ತರಗತಿಯ ಮೇಷ್ಟ್ರು ಒಂದು ಉಪಾಯ ಹೇಳಿದರು. ಟೇಪಿನ ಕೆಂಪು ಬಿಳಿ ವೈರನ್ನು, ಯು.ಎಸ್.ಬಿ.ಗೆ ಹಾಕುವ ಒಂದು ಚಿಕ್ಕ ಸಾಧನದ ಮೂಲಕ ಲ್ಯಾಪ್‌ಟಾಪಿಗೆ ಕೊಟ್ಟು, ಪ್ರತಿ ಮಾಡಿಕೊಂಡರು. ಅರುವತ್ತು ನಿಮಿಷದ ಕ್ಯಾಸೆಟ್ಟು; ಮಗ್ಗುಲಿಗೆ ಮೂವತ್ತು ನಿಮಿಷ. ಅದು ಓಡುವಷ್ಟು ಹೊತ್ತೂ ಕಾಯಲೇಬೇಕು. ಮೊದಲ ಮಗ್ಗುಲಿನ ಪ್ರತಿ ಆ ರಾತ್ರಿಯೇ ಮೊಬೈಲಿನಲ್ಲಿ ಊರಿಗೆ ಹೋಯಿತು. ಮರುದಿನ ಬೆಳಗ್ಗೆ ಆ ತಾಯಿಯ ಫೋನು ಬಂತು. ಅತ್ತರೋ ಏನೋ ಎಂದು ನಾವು ಅಂಜಿದ್ದೆವು. ಅವರು ಕೇಳಿದ್ದು ಇಷ್ಟೇ: "ಬಾಣ ತಾಗಿದ ಮೇಲೆ ಅವರು ರಾಮನನ್ನು ಕೇಳುವ ಮಾತು ಇದರಲ್ಲಿ ಇಲ್ಲವಲ್ಲ, ಇನ್ನೊಂದು ಮಗ್ಗುಲು ಎಲ್ಲಿ?"

ಆ ಮಗ್ಗುಲನ್ನೂ ಕಳುಹಿಸಿದ್ದೇವೆ. ನಮ್ಮ ಕಪಾಟಿನಲ್ಲಿ ಇಂಥ ಕ್ಯಾಸೆಟ್ಟುಗಳು ಇನ್ನೂ ನಲವತ್ತಕ್ಕೆ ಕಡಿಮೆಯಿಲ್ಲ. ಕೆಲವಕ್ಕೆ ಹೆಸರೇ ಬರೆದಿಲ್ಲ. ಟೇಪು ಹಳತಾದಷ್ಟೂ ಧ್ವನಿ ಮಾಸುತ್ತದೆ. ಪ್ರತಿ ಭಾನುವಾರ ಸಂಜೆ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರು ಮುಂದೆ ಬಂದರೆ ಒಂದೊಂದಾಗಿ ಪ್ರತಿ ಮಾಡಬಹುದು. ಯಂತ್ರವಿದ್ಯೆ ಬೇಕಿಲ್ಲ. ಕುಳಿತು ಕೇಳುವ ತಾಳ್ಮೆ ಬೇಕು, ಧ್ವನಿ ಗುರುತಿಸುವ ಹಿರಿಯರು ಬೇಕು. ಸಿಡುಕಿದ ಹಿರಿಯರೂ ವೈರು ಕಿತ್ತ ಹುಡುಗರೂ ಒಂದೇ ಬೆಂಚಿನಲ್ಲಿ ಕುಳಿತು ಆ ಕೆಲಸ ಮಾಡಲಿ ಎಂಬುದು ಸಮಿತಿಯ ಅಪೇಕ್ಷೆ. ಹೆಸರು ಕೊಡುವವರಿಗೆ ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕವಿಟ್ಟಿದ್ದೇವೆ.